ಕಣ್ಣಿಗೂ ಒಂದು ಹಕ್ಕಿದೆ: ನಿದ್ದೆ ಮತ್ತು ಮಿದುಳಿನ ಆರೋಗ್ಯ

“ಅರವತ್ತಕ್ಕೆ ಅರಳು ಮರಳು” ಎಂಬ ಮಾತು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮನೆಗಳಿಗೆ ಹೊಸದಲ್ಲ. ಮನೆಯ ಹಿರಿಯರು ಇಟ್ಟ ವಸ್ತುವನ್ನು ಹುಡುಕಾಡಿದರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ನಮಾಝಿನಲ್ಲಿ ಎಷ್ಟು ರಕಅತ್ ಆಯಿತೆಂದು ಪದೇ ಪದೇ ಗೊಂದಲಗೊಂಡರೆ, “ವಯಸ್ಸಾಯಿತು ಬಿಡಿ” ಎಂದು ನಾವು ಸುಮ್ಮನಾಗುತ್ತೇವೆ. ವಯಸ್ಸಾದಂತೆ ನೆನಪು ಸ್ವಲ್ಪ ನಿಧಾನವಾಗುವುದು ಸಹಜ. ಆದರೆ ಬಂದ ದಾರಿ ಮರೆಯುವುದು, ಮನೆಯವರ ಗುರುತು ಸಿಗದಿರುವುದು, ದಿನನಿತ್ಯದ ಲೆಕ್ಕ ತಪ್ಪುವುದು ಸಹಜವಲ್ಲ. ಅದು ಕಾಯಿಲೆ. ವೈದ್ಯರು ಅದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಅದರ ಬಹು ಸಾಮಾನ್ಯ ರೂಪಕ್ಕೆ ಅಲ್ಝೈಮರ್ಸ್ ಎಂದು ಹೆಸರು.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಮಿದುಳಿನೊಳಗೆ ಈ ಕಾಯಿಲೆಯ ಬದಲಾವಣೆಗಳು ಲಕ್ಷಣ ಕಾಣುವುದಕ್ಕೆ 15, 20 ವರ್ಷ ಮೊದಲೇ ಆರಂಭವಾಗುತ್ತವೆ. ಎಪ್ಪತ್ತರಲ್ಲಿ ಕಾಣುವ ಮರೆವಿನ ಬೇರು ಐವತ್ತರಲ್ಲೇ ಇಳಿದಿರಬಹುದು. ಆದ್ದರಿಂದ ಈ ಲೇಖನ ದಾದಾ, ದಾದಿಯರಿಗೆ ಎಷ್ಟು ಸಂಬಂಧಿಸಿದೆಯೋ ಮಗ, ಸೊಸೆ, ಮೊಮ್ಮಕ್ಕಳಿಗೂ ಅಷ್ಟೇ ಸಂಬಂಧಿಸಿದೆ. ಮಿದುಳನ್ನು ಕಾಪಾಡಿಕೊಳ್ಳಲು ನಮ್ಮ ಕೈಯಲ್ಲಿರುವ ಕೆಲವು ದಾರಿಗಳಲ್ಲಿ ಹಣ ಕೇಳದ ಒಂದು ದಾರಿ ನಿದ್ದೆ.

ಮಲಗಿದ ಮೇಲೆ ಮಿದುಳು ಏನು ಮಾಡುತ್ತದೆ?

ಮೊಳಕಾಲ್ಮೂರು ಕಡೆ ರೇಷ್ಮೆ ಹುಳು ಸಾಕುವ ಮನೆಗಳವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ‘ಜ್ವರ’ಕ್ಕೆ ಕೂರುತ್ತದೆ. ಆಗ ಸೊಪ್ಪು ತಿನ್ನುವುದಿಲ್ಲ, ಅಲುಗಾಡುವುದಿಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಏನೂ ಮಾಡುತ್ತಿಲ್ಲ ಎನಿಸುತ್ತದೆ. ಒಳಗೆ ಹಳೆಯ ಚರ್ಮ ಕಳಚಿ ಹೊಸ ಚರ್ಮ ಬೆಳೆಯುವ ದೊಡ್ಡ ಕೆಲಸ ನಡೆದಿರುತ್ತದೆ. ಆ ಹೊತ್ತಿನಲ್ಲಿ ಅನುಭವಸ್ಥರು ಯಾರೂ ತಟ್ಟೆಯನ್ನು ಮುಟ್ಟುವುದಿಲ್ಲ. ಮುಟ್ಟಿ ಕೆಡಿಸಿದರೆ ಬೆಳೆಯೇ ಕೆಡುತ್ತದೆಂದು ಅವರಿಗೆ ಗೊತ್ತು.

ನಮ್ಮ ನಿದ್ದೆಯೂ ಹಾಗೆಯೇ. ದೇಹ ಸುಮ್ಮನಿದ್ದರೂ ಮಿದುಳು ದುಡಿಯುತ್ತಿರುತ್ತದೆ. 1953ರಲ್ಲಿ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ಸಂಶೋಧಕರು, ನಿದ್ದೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನು ದಾಖಲಿಸಿದರು. ಆ ಹೊತ್ತಿನಲ್ಲೇ ನಾವು ಹೆಚ್ಚಾಗಿ ಕನಸು ಕಾಣುವುದು. ಅಲ್ಲಿಂದ ನಿದ್ದೆಯ ಅಧ್ಯಯನ ಹೊಸ ದಾರಿ ಹಿಡಿಯಿತು.

ಒಂದು ರಾತ್ರಿಯ ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಸರಿಯಾಗಿ ಮಲಗಿದರೆ ನಾಲ್ಕೈದು ಸುತ್ತು ಆಗುತ್ತವೆ. ಪ್ರತಿ ಸುತ್ತಿನಲ್ಲೂ ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಎಂಬ ಹಂತಗಳಿವೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆಯ ಪಾಲು ಹೆಚ್ಚು, ಬೆಳಗಿನ ಜಾವದ ಕಡೆಗೆ ಕನಸಿನ ನಿದ್ದೆಯ ಪಾಲು ಹೆಚ್ಚು. ಎರಡೂ ಬೇಕು. ನಾಲ್ಕೈದು ಗಂಟೆಗೇ ಎದ್ದುಬಿಟ್ಟರೆ ಕೊನೆಯ ಸುತ್ತುಗಳು ಕೈತಪ್ಪುತ್ತವೆ.

ಹಗಲಿನಲ್ಲಿ ಕಲಿತದ್ದು, ಕಂಡದ್ದು, ಕೇಳಿದ್ದು ಮೊದಲು ಮಿದುಳಿನ ಹಿಪೊಕ್ಯಾಂಪಸ್ ಎಂಬ ಸಣ್ಣ ಭಾಗದಲ್ಲಿ ತಾತ್ಕಾಲಿಕವಾಗಿ ಸೇರುತ್ತದೆ. ನಿದ್ದೆಯಲ್ಲಿ ಅದರಲ್ಲಿ ಬೇಕಾದದ್ದು ಮಿದುಳಿನ ಹೊರಪದರದಲ್ಲಿ ಗಟ್ಟಿಯಾಗಿ ನೆಲೆಸುತ್ತದೆ. ಅಂಗಡಿಯವರು ದಿನದ ಚೀಟಿಗಳನ್ನೆಲ್ಲ ರಾತ್ರಿ ಕೂತು ಲೆಕ್ಕದ ಪುಸ್ತಕಕ್ಕೆ ಏರಿಸುವಂತೆ ಎಂದುಕೊಳ್ಳಿ. ಚೀಟಿ ಏರಿಸದೆ ಮರುದಿನ ಅಂಗಡಿ ತೆರೆದರೆ ಏನಾಗುತ್ತದೆ ಎಂಬುದು ವ್ಯಾಪಾರಸ್ಥರಿಗೆ ಹೇಳಬೇಕಿಲ್ಲ. ಹಿಫ್ಝ್ ಮಾಡುತ್ತಿರುವ ಮಗು ಸಂಜೆ ಓದಿದ ಪಾಠ ಬೆಳಗ್ಗೆ ಎದ್ದಾಗ ಇನ್ನಷ್ಟು ಸಲೀಸಾಗಿ ಬರುವುದುಂಟು. ಅದರ ಹಿಂದೆಯೂ ಈ ಕೆಲಸವೇ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ರಾತ್ರಿಯಿಡೀ ಎದ್ದು ಓದುವುದು ಬಿತ್ತಿದ ಮೇಲೆ ನೀರು ನಿಲ್ಲಿಸಿದ ಹಾಗೆ.

ಕಸ ತೆಗೆಯುವ ಕೆಲಸ

ಮಿದುಳು ನಮ್ಮ ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ ಇದ್ದರೂ, ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ನ್ನು ಅದೇ ಬಳಸುತ್ತದೆ. ಅಷ್ಟು ದುಡಿಯುವಲ್ಲಿ ಕಸವೂ ಹುಟ್ಟುತ್ತದೆ. ಅದರಲ್ಲಿ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನ್ ಮುಖ್ಯ. ಇದು ಎಲ್ಲರ ಮಿದುಳಿನಲ್ಲೂ ಉತ್ಪತ್ತಿಯಾಗುತ್ತದೆ ಮತ್ತು ಹೊರಹೋಗುತ್ತದೆ. ಹೊರಹೋಗದೆ ವರ್ಷಗಟ್ಟಲೆ ಗಡ್ಡೆಗಟ್ಟಿದಾಗ ಅಲ್ಝೈಮರ್ಸ್ ಕಾಯಿಲೆಯ ಗುರುತಾಗಿ ಕಾಣಿಸಿಕೊಳ್ಳುತ್ತದೆ.

2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ಇಲಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿತು. ಇಲಿಗಳು ನಿದ್ದೆಯಲ್ಲಿದ್ದಾಗ ಮಿದುಳಿನ ಜೀವಕೋಶಗಳ ನಡುವಿನ ಜಾಗ ಸುಮಾರು ಶೇ. 60ರಷ್ಟು ಹಿಗ್ಗುತ್ತದೆ, ಆ ಜಾಗದಲ್ಲಿ ದ್ರವ ಹರಿದು ಅಮಿಲಾಯ್ಡ್‌ನಂಥ ಕಸವನ್ನು ಬೇಗ ತೊಳೆದು ಹಾಕುತ್ತದೆ ಎಂದು ಅವರು ಕಂಡರು. ಈ ವಿಷಯದಲ್ಲಿ ಎಲ್ಲ ವಿಜ್ಞಾನಿಗಳೂ ಒಂದೇ ಮಾತು ಹೇಳುತ್ತಿಲ್ಲ. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ಇಲಿಗಳಲ್ಲಿ ಬೇರೆ ವಿಧಾನದಿಂದ ಅಳೆದಾಗ ಇದಕ್ಕೆ ವಿರುದ್ಧವಾದ ಫಲಿತಾಂಶ ಪಡೆಯಿತು. ಆದ್ದರಿಂದ “ನಿದ್ದೆ ಮಾಡಿದರೆ ಮಿದುಳು ತೊಳೆದು ಸ್ವಚ್ಛವಾಗುತ್ತದೆ” ಎಂದು ವಾಟ್ಸಪ್‌ನಲ್ಲಿ ಬರುವ ಮಾತನ್ನು ಪೂರ್ತಿ ತೀರ್ಮಾನವಾದ ಸತ್ಯವೆಂದು ತಿಳಿಯಬೇಕಿಲ್ಲ.

ಮನುಷ್ಯರ ಮೇಲೂ ಅಧ್ಯಯನ ನಡೆದಿದೆ. 2018ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 20 ಮಂದಿ ಆರೋಗ್ಯವಂತರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಒಂದೇ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟ ಮೇಲೆ, ನೆನಪಿಗೆ ಸಂಬಂಧಿಸಿದ ಭಾಗದಲ್ಲೇ ಅಮಿಲಾಯ್ಡ್‌ನ ಪ್ರಮಾಣ ಸ್ವಲ್ಪ ಏರಿತ್ತು. ಒಂದು ರಾತ್ರಿಯ ಏರಿಕೆಯಿಂದ ಕಾಯಿಲೆ ಬರುವುದಿಲ್ಲ. ಅದು ವರ್ಷಗಟ್ಟಲೆ ನಡೆದರೆ ಏನಾದೀತು ಎಂಬುದೇ ಪ್ರಶ್ನೆ.

25 ವರ್ಷಗಳ ಲೆಕ್ಕ

ಆ ಪ್ರಶ್ನೆಗೆ ಸ್ವಲ್ಪ ಮಟ್ಟಿಗೆ ಉತ್ತರ ಕೊಟ್ಟದ್ದು ಬ್ರಿಟನ್ನಿನ ಒಂದು ಅಧ್ಯಯನ. ಅಲ್ಲಿನ ಸರ್ಕಾರಿ ನೌಕರರ ಆರೋಗ್ಯವನ್ನು 1985ರಿಂದ ಹಿಂಬಾಲಿಸುತ್ತ ಬಂದಿರುವ ಸಂಶೋಧಕರು, ಸುಮಾರು 8,000 ಮಂದಿಯ ನಿದ್ದೆಯ ವಿವರವನ್ನು 25 ವರ್ಷಗಳ ಕಾಲ ನೋಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 50, 60, 70ರ ವಯಸ್ಸಿನಲ್ಲಿ ಸತತವಾಗಿ ರಾತ್ರಿಗೆ 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಲ್ಲಿ, 7 ಗಂಟೆ ಮಲಗುತ್ತಿದ್ದವರಿಗಿಂತ ಡಿಮೆನ್ಶಿಯಾದ ಅಪಾಯ ಸುಮಾರು ಶೇ. 30ರಷ್ಟು ಹೆಚ್ಚಿತ್ತು.

ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಕಡಿಮೆ ಮಲಗುವ ಪ್ರತಿಯೊಬ್ಬರಿಗೂ ಮರೆವಿನ ಕಾಯಿಲೆ ಬರುತ್ತದೆ ಎಂದು ಇದು ಹೇಳುವುದಿಲ್ಲ. ಚೆನ್ನಾಗಿ ಮಲಗಿದವರಿಗೆ ಬರುವುದೇ ಇಲ್ಲ ಎಂದೂ ಹೇಳುವುದಿಲ್ಲ. ಕೆಲವರಲ್ಲಿ ಕಾಯಿಲೆ ಒಳಗೊಳಗೆ ಶುರುವಾಗಿ ಅದೇ ನಿದ್ದೆಯನ್ನು ಕೆಡಿಸುವುದೂ ಇದೆ. 2024ರಲ್ಲಿ ಲ್ಯಾನ್ಸೆಟ್ ಆಯೋಗವು ಡಿಮೆನ್ಶಿಯಾಕ್ಕೆ ಸಂಬಂಧಿಸಿದ, ನಾವು ಬದಲಿಸಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಇವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದು ಅಂದಾಜಿಸಿದೆ. ನಿದ್ದೆ ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ ಇವೆ. ಸತತ ನಿದ್ದೆಗೇಡು ಈ ನಾಲ್ಕಕ್ಕೂ ದಾರಿ ಮಾಡಿಕೊಡುತ್ತದೆ. ಬಿ.ಪಿ., ಶುಗರ್ ಮಾತ್ರೆ ಇಲ್ಲದ ಮನೆಯೇ ಅಪರೂಪವಾಗಿರುವ ಈ ಕಾಲದಲ್ಲಿ ಇದು ದೂರದ ಮಾತಲ್ಲ.

ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡು ಅಧ್ಯಯನ ನಡೆಸುತ್ತಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಎರಡನೇ ಆವರಣ ಹೊಂದಿರುವುದೂ ಇದೇ ವಿಜ್ಞಾನ ಸಂಸ್ಥೆ. ಮಳೆ ನಂಬಿದ ಬಯಲು ಸೀಮೆಯ ಹಳ್ಳಿಗರ ಮಿದುಳು ಹೇಗೆ ವಯಸ್ಸಾಗುತ್ತದೆ ಎಂಬುದು ಲಂಡನ್ನಿನ ಗುಮಾಸ್ತರ ಲೆಕ್ಕದಿಂದ ಪೂರ್ತಿ ತಿಳಿಯುವಂಥದ್ದಲ್ಲ. ನಮ್ಮಂಥ ಊರುಗಳ ಲೆಕ್ಕವೇ ಬೇಕು.

ನಮ್ಮ ನಿದ್ದೆಯನ್ನು ಕದಿಯುವವರು ಯಾರು?

“ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ” ಎನ್ನುತ್ತಾರೆ. ಚಿಂತೆ ಇರುವವರೇ ನಮ್ಮಲ್ಲಿ ಹೆಚ್ಚು. ಎಣ್ಣೆ ಮಿಲ್ಲುಗಳ ಊರೆಂದು ಹೆಸರಾದ ಚಳ್ಳಕೆರೆಯಲ್ಲಿ ಲಾರಿ ಓಡಿಸುವವರು, ಹಮಾಲಿ ಮಾಡುವವರು, ಗ್ಯಾರೇಜು, ಹೋಟೆಲು ನಡೆಸುವವರು ಅನೇಕರು. ಹೊತ್ತು ಗೊತ್ತು ಇಲ್ಲದ ದುಡಿಮೆ ಅವರದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ಸೀರೆಯ ಹಿಂದೆ ದೀಪದ ಬೆಳಕಿನಲ್ಲಿ ಮಗ್ಗದ ಗುಂಡಿಯಲ್ಲಿ ಕೂತವರ ರಾತ್ರಿಗಳಿವೆ. ರೇಷ್ಮೆ ಹುಳು ಕೊನೆಯ ಹಂತಕ್ಕೆ ಬಂದಾಗ ಸುಮಾರು ಒಂದು ವಾರ ಮನೆಮಂದಿಗೆಲ್ಲ ನಿದ್ದೆ ಅಷ್ಟಕ್ಕಷ್ಟೆ. ಕೊಳವೆಬಾವಿ ಇರುವ ರೈತರು ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟು ಬಂದಾಗ ಹಾವು, ಕರಡಿಯ ಭಯದಲ್ಲೇ ಹೊಲಕ್ಕೆ ಹೋಗಬೇಕು. ಬೇಸಿಗೆಯಲ್ಲಿ ತಗಡಿನ ಶೀಟಿನ ಮನೆ ರಾತ್ರಿ ಹನ್ನೊಂದಾದರೂ ಕಾವು ಬಿಡುವುದಿಲ್ಲ.

ಈ ಕಷ್ಟಗಳನ್ನು ಒಂದು ಲೇಖನದಿಂದ ನೀಗಿಸಲಾಗದು. “ಎಂಟು ಗಂಟೆ ಮಲಗಿ” ಎಂದು ದುಡಿಯುವವರಿಗೆ ಬೋಧಿಸುವುದು ಸುಲಭ. ಆದರೆ ಸರದಿ ಹಾಕಿಕೊಳ್ಳಬಹುದು. ಹುಳುವಿಗೆ ಸೊಪ್ಪು ಹಾಕಲು ಇವತ್ತು ಅಣ್ಣ ಎದ್ದರೆ ನಾಳೆ ತಮ್ಮ ಏಳಲಿ, ಇಬ್ಬರೂ ಪ್ರತಿ ರಾತ್ರಿ ಏಳುವುದು ಬೇಡ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಹಗಲು ಮಲಗಲು ಬಿಡಬೇಕು. ಅವರ ಕೋಣೆಗೆ ಪರದೆ ಕಟ್ಟಿ, ಟಿ.ವಿ. ಸದ್ದು ತಗ್ಗಿಸಿ, ಮಕ್ಕಳನ್ನು ಹೊರಗೆ ಆಡಲು ಕಳಿಸುವುದೂ ಒಂದು ಸೇವೆಯೇ.

ಲಾರಿ, ಟ್ಯಾಕ್ಸಿ ಓಡಿಸುವ ಸಹೋದರರಿಗೆ ಒಂದು ವಿಶೇಷ ಮಾತು. ಸತತ 17ರಿಂದ 19 ಗಂಟೆ ಎಚ್ಚರವಿದ್ದವರು ಕೆಲವು ಪರೀಕ್ಷೆಗಳಲ್ಲಿ ರಕ್ತದಲ್ಲಿ ಶೇ. 0.05 ಮದ್ಯವಿರುವವರಷ್ಟೇ ತಪ್ಪು ಮಾಡುತ್ತಾರೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ನಮ್ಮ ದೇಶದ ಕಾನೂನಿನಲ್ಲಿ ಚಾಲಕರಿಗೆ ಇರುವ ಮಿತಿ ಶೇ. 0.03. ಅಂದರೆ ಜೀವನದಲ್ಲಿ ಒಂದು ಹನಿ ಮದ್ಯ ಮುಟ್ಟದ ಮನುಷ್ಯ, ಬೆಳಗಿನ ಐದಕ್ಕೆ ಎದ್ದು ನಡುರಾತ್ರಿ ಹನ್ನೆರಡಕ್ಕೆ ಹಿರಿಯೂರು-ಬಳ್ಳಾರಿ ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿದರೆ, ಅವನ ಕೈ ಕಣ್ಣು ಕುಡಿದವನ ಕೈ ಕಣ್ಣಿನಂತೆ ಕೆಲಸ ಮಾಡಬಹುದು. ಕಣ್ಣು ಎಳೆಯುತ್ತಿದ್ದರೆ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಮಲಗುವುದರಿಂದ ಆಗುವ ನಷ್ಟ ಅರ್ಧ ಗಂಟೆ ಮಾತ್ರ.

ಇನ್ನು ನಾವೇ ಕರೆದು ಕೂರಿಸಿಕೊಂಡ ಕಳ್ಳರಿದ್ದಾರೆ. ಮೊದಲನೆಯದು ಮೊಬೈಲು. ಅದರ ಬೆಳಕು ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ರಸವನ್ನು ತಗ್ಗಿಸುತ್ತದೆ. ಬೆಳಕಿಗಿಂತ ಹೆಚ್ಚಾಗಿ, ಒಂದರ ಹಿಂದೆ ಒಂದು ಬರುವ ರೀಲ್ಸ್ ಮನಸ್ಸನ್ನು ಎಬ್ಬಿಸಿ ಕೂರಿಸುತ್ತವೆ. ಎರಡನೆಯದು ಚಹಾ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತ ಹೋಗಿ ನಿದ್ದೆ ಬರಿಸುತ್ತದೆ. ಚಹಾ, ಕಾಫಿಯ ಕೆಫೀನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ದೇಹದಲ್ಲೇ ಇರುತ್ತದೆ. ಇಶಾ ಮುಗಿಸಿ ಹೋಟೆಲಿನ ಮುಂದೆ ಕುಡಿದ ಚಹಾ ರಾತ್ರಿ ಒಂದರವರೆಗೂ ಕೆಲಸ ಮಾಡುತ್ತಿರುತ್ತದೆ.

ಇಶಾದಿಂದ ಫಜ್ರ್‌ವರೆಗೆ

ನಮ್ಮ ಮನೆಗಳಲ್ಲಿ ದಿನದ ಎರಡು ತುದಿಗಳು ನಮಾಝಿನಿಂದ ಕಟ್ಟಿದಂತಿವೆ. ಹಗಲು ಉದ್ದವಿರುವ ಜೂನ್ ತಿಂಗಳಲ್ಲೂ ನಮ್ಮ ಭಾಗದಲ್ಲಿ ಇಶಾದ ಹೊತ್ತು ರಾತ್ರಿ 8ರ ಸುಮಾರಿಗೆ ಶುರುವಾಗುತ್ತದೆ. ಜಮಾಅತ್ ಮುಗಿಸಿ 9ಕ್ಕೆ ಮನೆ ಸೇರಿ, 9.45ಕ್ಕೆ ಮಲಗಿ 5ಕ್ಕೆ ಎದ್ದರೆ ಏಳೂಕಾಲು ಗಂಟೆ ನಿದ್ದೆಯಾಯಿತು. ವಯಸ್ಕರಿಗೆ ಬೇಕಾದದ್ದು ಕನಿಷ್ಠ 7 ಗಂಟೆ. ಅದೇ ಮನುಷ್ಯ 12ಕ್ಕೆ ಮಲಗಿ 5ಕ್ಕೆ ಎದ್ದರೆ ವಾರಕ್ಕೆ 35 ಗಂಟೆ. ಬೇಕಾದದ್ದು 49. ಪ್ರತಿ ವಾರ 14 ಗಂಟೆ, ಅಂದರೆ ಎರಡು ಪೂರ್ತಿ ರಾತ್ರಿಗಳ ಸಾಲ. ಫಜ್ರ್‌ಗೆ ಏಳುವುದರಿಂದ ನಿದ್ದೆ ಕೆಡುವುದಿಲ್ಲ, ಇಶಾದ ನಂತರದ ಮೂರು ಗಂಟೆ ಅದನ್ನು ಕೆಡಿಸುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಏಳುವುದು ದೇಹದೊಳಗಿನ ಗಡಿಯಾರಕ್ಕೆ ಒಳ್ಳೆಯದೆಂದು ನಿದ್ದೆಯ ತಜ್ಞರೂ ಹೇಳುತ್ತಾರೆ. ಆ ಗಡಿಯಾರದ ಯಂತ್ರವನ್ನು ಜೀವಕೋಶದೊಳಗೆ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಸಂದಿದೆ.

ಪ್ರವಾದಿ(ಸ)ರು ಇಶಾಕ್ಕೆ ಮೊದಲು ಮಲಗುವುದನ್ನೂ ಇಶಾದ ನಂತರ ಹರಟೆ ಹೊಡೆಯುವುದನ್ನೂ ಇಷ್ಟಪಡುತ್ತಿರಲಿಲ್ಲ ಎಂಬುದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್ ಎಂದು ಹಟ ಹಿಡಿದಿದ್ದ ಅಬ್ದುಲ್ಲಾ ಇಬ್ನ್ ಅಮ್ರ್(ರ)ರನ್ನು ಪ್ರವಾದಿ(ಸ)ರು ತಡೆದು, ದೇಹಕ್ಕೂ ಕಣ್ಣಿಗೂ ಮಡದಿಗೂ ಅವರ ಮೇಲೆ ಹಕ್ಕಿದೆಯೆಂದು ತಿಳಿಹೇಳಿದ ಪ್ರಸಂಗವೂ ಅಲ್ಲಿದೆ. ಸಲ್ಮಾನ್(ರ)ರು ತಮ್ಮ ಸಹೋದರ ಅಬುದ್ದರ್ದಾ(ರ)ರ ಮನೆಗೆ ಹೋದಾಗ, ರಾತ್ರಿಯ ಆರಂಭದಲ್ಲೇ ನಮಾಝಿಗೆ ಎದ್ದ ಅವರನ್ನು ಮಲಗಿಸಿ, ಕೊನೆಯ ಭಾಗದಲ್ಲಿ ಇಬ್ಬರೂ ಕೂಡಿ ನಮಾಝ್ ಮಾಡಿದರು. ಪ್ರವಾದಿ(ಸ)ರು ಸಲ್ಮಾನ್(ರ)ರ ಮಾತನ್ನು ಸರಿ ಎಂದರು. ತಹಜ್ಜುದ್‌ಗೆ ಏಳಬಯಸುವವರಿಗೆ ಇದರಲ್ಲಿ ದಾರಿ ಇದೆ: ಬೇಗ ಮಲಗುವುದರಿಂದಲೇ ಅದು ಶುರುವಾಗುತ್ತದೆ.

ಜುಮಾದ ದಿನ ಸಹಾಬಿಗಳು ನಮಾಝಿನ ನಂತರ ಕೈಲೂಲಾ, ಅಂದರೆ ಮಧ್ಯಾಹ್ನದ ಕಿರುನಿದ್ದೆ ಮಾಡುತ್ತಿದ್ದರೆಂಬ ವರದಿಯೂ ಇದೆ. ಅಮೆರಿಕದ ನಾಸಾ ಸಂಸ್ಥೆ ವಿಮಾನ ಚಾಲಕರ ಮೇಲೆ ನಡೆಸಿದ ಅಧ್ಯಯನದಲ್ಲಿ ಸರಾಸರಿ 26 ನಿಮಿಷಗಳ ನಿದ್ದೆ ಅವರ ಎಚ್ಚರವನ್ನು ಚೆನ್ನಾಗಿ ಹೆಚ್ಚಿಸಿತ್ತು. 20ರಿಂದ 30 ನಿಮಿಷ ಸಾಕು. ಅಸ್ರ್‌ವರೆಗೂ ಮಲಗಿದರೆ ತಲೆ ಭಾರವಾಗಿ, ರಾತ್ರಿಯ ನಿದ್ದೆ ತಡವಾಗುತ್ತದೆ.

ರಮಝಾನಿನಲ್ಲಿ ರಾತ್ರಿಯ ನಿದ್ದೆ ತುಂಡಾಗುವುದು ಸಹಜ. ತರಾವೀಹ್ ಮುಗಿದ ಕೂಡಲೇ ಮಲಗಿ, ಸಹ್ರಿಗೆ ಎದ್ದು, ಫಜ್ರ್ ನಂತರ ಅನುಕೂಲವಿದ್ದವರು ಒಂದೆರಡು ಗಂಟೆ, ಮಧ್ಯಾಹ್ನ ಅರ್ಧ ಗಂಟೆ ಮಲಗಿದರೆ ಒಟ್ಟು ಲೆಕ್ಕ ಬಹುಮಟ್ಟಿಗೆ ತುಂಬುತ್ತದೆ. ಸಹ್ರಿಯವರೆಗೂ ಬಜಾರಿನಲ್ಲಿ ತಿರುಗಿ, ಹಗಲಿಡೀ ಮಲಗುವ ಯುವಕರ ಅಭ್ಯಾಸ ಹಬ್ಬ ಕಳೆದ ಮೇಲೂ ವಾರಗಟ್ಟಲೆ ನಿದ್ದೆಯನ್ನು ಹಳಿ ತಪ್ಪಿಸುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವರು ನಮ್ಮ ಮನೆಯ ಹೆಣ್ಣುಮಕ್ಕಳು. ಪಾತ್ರೆ ತೊಳೆದು, ಬೆಳಗಿನ ಅಡುಗೆಗೆ ಅಣಿ ಮಾಡಿ, ಎಳೆ ಮಗುವಿಗೆ ಹಾಲು ಕೊಟ್ಟು, ಕಾಯಿಲೆಯ ಅತ್ತೆಯನ್ನು ರಾತ್ರಿ ಎರಡು ಸಲ ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು, ಮತ್ತೆ ಸಹ್ರಿಗೆ ಒಲೆ ಹಚ್ಚುವವರು ಅವರೇ. ಡಿಮೆನ್ಶಿಯಾ ಹೆಂಗಸರಲ್ಲಿ ಹೆಚ್ಚೆಂಬ ಅಂಕಿಯನ್ನು ಮೇಲೆ ನೋಡಿದೆವು. ಅದಕ್ಕೆ ಕಾರಣ ಹಲವು. ಆದರೆ ಅವರ ನಿದ್ದೆಯ ಹಕ್ಕನ್ನು ಕಾಪಾಡುವುದು ಗಂಡಸರ ಕೈಯಲ್ಲಿದೆ. ರಾತ್ರಿ ಒಂಬತ್ತಕ್ಕೇ ಊಟ ಮುಗಿಸುವುದು, ತಟ್ಟೆ ತಾನೇ ತೊಳೆದಿಡುವುದು, ವಾರದಲ್ಲಿ ಕೆಲವು ರಾತ್ರಿ ಅಮ್ಮಿಯ ಆರೈಕೆಗೆ ಮಗನೇ ಏಳುವುದು, ಇವು ಖರ್ಚಿಲ್ಲದ ಔಷಧಗಳು.

ಗೊರಕೆ, ಒದೆತ, ಮಾತ್ರೆ

ಗಂಟೆಗಟ್ಟಲೆ ಮಲಗಿದರೂ ಕೆಲವರಿಗೆ ನಿದ್ದೆ ಹಿಡಿಸುವುದಿಲ್ಲ. ಅದಕ್ಕೆ ದೊಡ್ಡ ಕಾರಣ ಗೊರಕೆಯೊಂದಿಗೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಎಂಬ ತೊಂದರೆ. ಜೋರು ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಹತ್ತು ಸೆಕೆಂಡಿಗೂ ಹೆಚ್ಚು ಉಸಿರಿಲ್ಲ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರು. ಹೀಗೆ ರಾತ್ರಿಯಲ್ಲಿ ಹತ್ತಾರು, ನೂರಾರು ಸಲ ಆಗಬಹುದು. ಮಲಗಿದವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿದ್ದವರಿಗೆ ಗೊತ್ತಾಗುತ್ತದೆ. ಪ್ರತಿ ಸಲವೂ ಮಿದುಳಿಗೆ ಆಮ್ಲಜನಕ ಕಡಿಮೆಯಾಗಿ ನಿದ್ದೆ ಮುರಿಯುತ್ತದೆ. ಬೆಳಗ್ಗೆ ತಲೆನೋವು, ಹಗಲು ತೂಕಡಿಕೆ, ಹತೋಟಿಗೆ ಬಾರದ ಬಿ.ಪಿ. ಇದರ ಗುರುತುಗಳು. ಖುತ್ಬಾ ಕೇಳುತ್ತ ಪ್ರತಿ ವಾರ ತೂಕಡಿಸುವ ಹಿರಿಯರನ್ನು ನೋಡಿ ನಗುವ ಮೊದಲು ಇದನ್ನು ನೆನೆಯಿರಿ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಅಗತ್ಯವಿದ್ದರೆ ವೈದ್ಯರು ಹೇಳುವ ಗಾಳಿ ಒತ್ತುವ ಯಂತ್ರ, ಇವುಗಳಿಂದ ಇದನ್ನು ಹತೋಟಿಗೆ ತರಬಹುದು.

ಇನ್ನೊಂದು ಲಕ್ಷಣ ಹಲವರಿಗೆ ತಿಳಿದಿಲ್ಲ. ಕನಸಿನ ನಿದ್ದೆಯಲ್ಲಿ ನಮ್ಮ ಕೈಕಾಲುಗಳು ಸಡಿಲವಾಗಿ, ಅಲುಗದಂತೆ ಇರುತ್ತವೆ. ಐವತ್ತು ದಾಟಿದವರು ಕನಸಿನಲ್ಲಿ ಜಗಳವಾಡುತ್ತ ಕೂಗುವುದು, ಪಕ್ಕದವರಿಗೆ ಗುದ್ದುವುದು, ಒದೆಯುವುದು ಮತ್ತೆ ಮತ್ತೆ ಆಗುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಬೇಕು. ಪಾರ್ಕಿನ್ಸನ್ಸ್‌ನಂಥ ಕಾಯಿಲೆಗೆ ಎಷ್ಟೋ ವರ್ಷ ಮೊದಲು ಬರುವ ಮುನ್ಸೂಚನೆ ಇದಾಗಿರಬಹುದು. ಇದನ್ನು ಜಿನ್ನಿನ ಕಾಟವೆಂದು ತಾಯಿತ ಕಟ್ಟಿ ವರ್ಷ ಕಳೆಯುವುದರಿಂದ ರೋಗಿಗೇ ನಷ್ಟ.

ನಿದ್ದೆ ಬಾರದೆಂದು ಮೆಡಿಕಲ್ ಷಾಪಿನಲ್ಲಿ ಕೇಳಿ ಮಾತ್ರೆ ತರುವುದು ಅಪಾಯ. ಆಲ್ಪ್ರಜೋಲಮ್‌ನಂಥ ಮಾತ್ರೆಗಳು ಕಾನೂನಿನ ಪ್ರಕಾರ ವೈದ್ಯರ ಚೀಟಿ ಇಲ್ಲದೆ ಮಾರುವಂಥವಲ್ಲ. ಅವು ಅಭ್ಯಾಸವಾಗಿಬಿಡುತ್ತವೆ. ಹಿರಿಯರಲ್ಲಿ ರಾತ್ರಿ ಎದ್ದಾಗ ಬೀಳುವುದು, ಮಂಕು, ಮರೆವು ಉಂಟುಮಾಡುತ್ತವೆ. ಈಗಾಗಲೇ ಬಹಳ ದಿನಗಳಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಮನೆಯಲ್ಲೇ ಮಾಡಬಹುದಾದದ್ದು

ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಫಜ್ರ್ ಅದನ್ನು ಆಗಲೇ ಮಾಡಿಕೊಟ್ಟಿದೆ. ನಮಾಝಿನ ನಂತರ ಬೆಳಗಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆದರೆ ದೇಹದ ಗಡಿಯಾರ ಸರಿಯಾಗುತ್ತದೆ, ರಾತ್ರಿ ನಿದ್ದೆಯೂ ಬೇಗ ಬರುತ್ತದೆ.

ಅಸ್ರ್ ನಂತರ ಚಹಾ ಬಿಡಿ ಅಥವಾ ಅರ್ಧ ಲೋಟಕ್ಕೆ ಇಳಿಸಿ. ರಾತ್ರಿಯ ಊಟ ಹಗುರವಿರಲಿ, ಮಲಗುವುದಕ್ಕೆ ಎರಡು ಗಂಟೆ ಮೊದಲೇ ಮುಗಿಯಲಿ. ಮೊಬೈಲುಗಳನ್ನೆಲ್ಲ ಮಲಗುವ ಕೋಣೆಯ ಹೊರಗೆ ಒಂದೇ ಕಡೆ ಚಾರ್ಜಿಗೆ ಹಾಕುವ ಅಭ್ಯಾಸ ದೊಡ್ಡವರಿಂದಲೇ ಶುರುವಾಗಲಿ. ಅಬ್ಬಾ ಕೈಯಲ್ಲಿ ಮೊಬೈಲು ಹಿಡಿದು ಮಗನಿಗೆ ಬೇಡವೆಂದರೆ ಅವನು ಕೇಳುವುದಿಲ್ಲ.

ನಿದ್ದೆ ಬರಬೇಕಾದರೆ ದೇಹದ ಒಳಗಿನ ಕಾವು ಸ್ವಲ್ಪ ಇಳಿಯಬೇಕು. ಬೇಸಿಗೆಯಲ್ಲಿ ಮಲಗುವ ಮುನ್ನ ಸ್ನಾನ ಅಥವಾ ವುಝೂ, ಮಾಳಿಗೆಯ ಮೇಲೆ ಸಂಜೆ ನೀರು ಚಿಮುಕಿಸುವುದು, ಸೊಳ್ಳೆ ಪರದೆ ಕಟ್ಟಿಕೊಂಡು ಮಾಳಿಗೆಯಲ್ಲೇ ಮಲಗುವುದು ನಮ್ಮ ಹಿರಿಯರ ಉಪಾಯಗಳು. ಅವು ಇಂದಿಗೂ ಸರಿ.

ಮಕ್ಕಳಿಗೆ ಹೆಚ್ಚು ನಿದ್ದೆ ಬೇಕು. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ. ಬೆಳಗ್ಗೆ ಮದರಸಾ, ನಂತರ ಶಾಲೆ, ಸಂಜೆ ಟ್ಯೂಷನ್ ಇರುವ ಮಗು ರಾತ್ರಿ ಹನ್ನೊಂದರವರೆಗೆ ಮದುವೆಯ ವಲೀಮಾದಲ್ಲಿ ಓಡಾಡುತ್ತಿದ್ದರೆ ಮರುದಿನ ಸಬಕ್ ಹೇಗೆ ತಲೆಗೆ ಹತ್ತೀತು? ಉಸ್ತಾದರೂ ತಂದೆ ತಾಯಿಯರೂ ಕೂಡಿ ಯೋಚಿಸಬೇಕಾದ ವಿಷಯ ಇದು.

ಮಲಗಿ ಅರ್ಧ ಗಂಟೆಯಾದರೂ ನಿದ್ದೆ ಬಾರದಿದ್ದರೆ ಹೊರಳಾಡುತ್ತ ಇರಬೇಡಿ. ಎದ್ದು ಮಂದ ಬೆಳಕಿನಲ್ಲಿ ಕೂತು ಝಿಕ್ರ್ ಮಾಡಿ, ಕಣ್ಣು ಎಳೆದಾಗ ಮತ್ತೆ ಮಲಗಿ.

ಯಾವಾಗ, ಎಲ್ಲಿಗೆ ಹೋಗಬೇಕು?

ವಾರಕ್ಕೆ ಮೂರು ರಾತ್ರಿಗೂ ಹೆಚ್ಚು ನಿದ್ದೆ ಬಾರದೆ ಮೂರು ತಿಂಗಳು ಕಳೆದಿದ್ದರೆ, ಉಸಿರು ಕಟ್ಟುವ ಗೊರಕೆ ಇದ್ದರೆ, ಹಿರಿಯರ ಮರೆವು ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ತಡ ಮಾಡಬೇಡಿ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಂದ ಶುರು ಮಾಡಿ, ಅಲ್ಲಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣದಲ್ಲಿ ಶುರುವಾದ ಅದು ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಮಿದುಳು ಆರೋಗ್ಯ ಚಿಕಿತ್ಸಾಲಯದ ಬಗ್ಗೆ ಕೇಳಿ. ಚಿಂತೆ, ಬೇಸರದಿಂದ ನಿದ್ದೆ ಬಾರದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನಸ್ಸಿನ ತೊಂದರೆಗೆ ವೈದ್ಯರನ್ನು ಕಾಣುವುದು ಈಮಾನಿನ ಕೊರತೆಯಲ್ಲ.

ಕುರ್‌ಆನ್ ನಿದ್ದೆಯನ್ನು ವಿಶ್ರಾಂತಿಯೆಂದೂ ರಾತ್ರಿಯನ್ನು ಹೊದಿಕೆಯೆಂದೂ ಸೂರಾ ಅನ್ನಬಾದಲ್ಲಿ ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಹೇಳುತ್ತದೆ. ಬೆಟ್ಟ, ಸೂರ್ಯ, ಮಳೆಯ ಜೊತೆಗೆ ನಿದ್ದೆಯೂ ಅಲ್ಲಿ ಎಣಿಕೆಗೆ ಬಂದಿದೆ. ಮಿದುಳು ನಮಗೆ ಒಪ್ಪಿಸಿದ ಅಮಾನತ್. ಮಕ್ಕಳ ಹೆಸರು, ಕಲಿತ ಸೂರಾಗಳು, ಮಗ್ಗದ ವಿನ್ಯಾಸ, ಹೊಲದ ಗಡಿ ಎಲ್ಲವೂ ಅದರಲ್ಲೇ ಉಳಿದಿವೆ. ಇವತ್ತು ರಾತ್ರಿ ಇಶಾ ಮುಗಿಸಿ ಬಂದ ಮೇಲೆ ಮೊಬೈಲನ್ನು ದೂರವಿಟ್ಟು, ಮನೆಯವರೆಲ್ಲ ಒಂದು ಗಂಟೆ ಮೊದಲೇ ದೀಪ ಆರಿಸಿ ನೋಡಿ. ಒಂದು ವಾರ ಹೀಗೆ ಮಾಡಿದರೆ ಫಜ್ರ್‌ಗೆ ಏಳುವುದು ಎಷ್ಟು ಹಗುರವಾಯಿತೆಂದು ನಿಮಗೇ ತಿಳಿಯುತ್ತದೆ.